‘ಬಾ’ ಅಂದರೆ ‘ದೇಸ್’, ‘ಬನ್ನಿ’ ಅಂದರೆ ‘ದೆವ್ಹ್’: ಪುಣೆಯಲ್ಲಿ ಕೂತು ಕಲಿತ ಕಾರ್ನಿಶ್

ಸೆಪ್ಟೆಂಬರಿನ ಒಂದು ಮಂಗಳವಾರ, ರಾತ್ರಿ 11:30. ಪುಣೆಯ ಕೊಥ್ರೂಡಿನಲ್ಲಿ ನಮ್ಮದು ಎರಡು ಕೋಣೆಯ ಮನೆ. ಒಂದರಲ್ಲಿ ಅಮ್ಮ ಮಲಗಿದ್ದರು, ಇನ್ನೊಂದರಲ್ಲಿ ಮಗಳು ಓದುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು, ಗ್ಯಾಸ್ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಸ್ಟೂಲ್ ಪಕ್ಕದಲ್ಲಿ ನಿಂತಿದ್ದೆ. ತೆರೆಯ ಮೇಲೆ ಬೆಳ್ಳಿಕೂದಲಿನ ಹೆಂಗಸೊಬ್ಬರು ಕಾಣಿಸಿದರು. ‘ದಿಧ್ ದಾ’ ಅಂದರು. ಅಂದರೆ ನಮಸ್ಕಾರ. ಆಮೇಲೆ ಅಂಗೈ ಕೆಳಗೆ ಮಾಡಿ, ‘ಎಸೆಧೆವ್ಹ್, ಮಾರ್ ಪ್ಲೇಗ್’ ಅಂದರು. ಯಾರೂ ಅರ್ಥ ಹೇಳಿರಲಿಲ್ಲ. ಆದರೂ ನಾನು ಕೂತೆ. ಉಳಿದ ಹತ್ತು ಜನರೂ ಅಲ್ಲಲ್ಲೇ ಕೂತರು.

ಕಾರ್ನಿಶ್‌ನಲ್ಲಿ, ಅಂದರೆ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಹಳೆಯ ಭಾಷೆಯಲ್ಲಿ, ನಾನು ಕೇಳಿದ ಮೊದಲ ವಾಕ್ಯ ಅದು. ಅದರ ಅರ್ಥ ‘ಕೂತುಕೊಳ್ಳಿ’. ‘ಕೂತ್ಕೋ’ ಅಲ್ಲ, ‘ಕೂತುಕೊಳ್ಳಿ’.

ಇದು ಆ ತರಗತಿಯ ಬಗ್ಗೆ ನನ್ನ ಅಭಿಪ್ರಾಯ. ಹತ್ತು ವಾರದ ಮೊದಲ ಹಂತ. ವಾರಕ್ಕೊಂದು ಪಾಠ, ಒಂದೂವರೆ ಗಂಟೆ, ಎಲ್ಲವೂ ವಿಡಿಯೋ ಕರೆಯಲ್ಲಿ. ಶುಲ್ಕ 60 ಪೌಂಡ್. ಕಾರ್ಡಿನ ಚಾರ್ಜೂ ಸೇರಿ ನನಗೆ ಸುಮಾರು 7,000 ರೂಪಾಯಿ ಬಿತ್ತು. ಕಲಿಸುವವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಸಣ್ಣ ಗುಂಪು, ಸಂಬಳಕ್ಕಾಗಿ ಮಾಡುವವರಲ್ಲ. ನಾನು ಒಂದೆರಡು ಕೊರತೆಗಳನ್ನೂ ಹೇಳಬೇಕು. ಅದಕ್ಕೇ ಹೆಸರು ಬೇಡ.

ಹತ್ತು ವಾರದಲ್ಲಿ ನಾನು ಎದುರು ನೋಡಿದ್ದು ಐದು ಮತ್ತು ಆರನೇ ವಾರಗಳನ್ನು. ಆ ಎರಡು ವಾರ ಹೇಳಿಕೊಡುವುದು ಇದು: ಇನ್ನೊಬ್ಬರಿಗೆ ‘ಮಾಡು’ ಅನ್ನೋದು ಹೇಗೆ, ‘ಮಾಡಿ’ ಅನ್ನೋದು ಹೇಗೆ, ‘ಮಾಡಬೇಡ’ ಹೇಗೆ, ‘ಮಾಡೋಣ’ ಹೇಗೆ. ಇದೇನು ದೊಡ್ಡ ವಿಷಯ ಅನ್ನಿಸಬಹುದು. ನನಗೆ ಅದು ದೊಡ್ಡದು. ಯಾಕೆ ಅಂತ ಹೇಳಬೇಕಾದರೆ ಕೆಜಿಎಫ್‌ಗೆ ಹೋಗಬೇಕು.

ನಾನು ಹುಟ್ಟಿದ್ದು ಅಲ್ಲಿ, ಚಾಂಪಿಯನ್ ರೀಫ್ ಹತ್ತಿರದ ಲೈನ್ ಮನೆಯಲ್ಲಿ. ನಮ್ಮ ತಾತ ಗಣಿಯೊಳಗೆ ಮರದ ಆಸರೆ ಕಟ್ಟುವ ಕೆಲಸದಲ್ಲಿದ್ದರು. ಕೋಲಾರದ ಆ ಚಿನ್ನದ ಗಣಿಯನ್ನು 1880ರಿಂದ ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ. ಅವರು ಕೆಲಸ ಬಲ್ಲವರನ್ನು ಕರೆತಂದದ್ದು ಜಾಸ್ತಿ ಕಾರ್ನ್‌ವಾಲ್‌ನಿಂದ. ಇಂಗ್ಲೆಂಡಿನ ನೈಋತ್ಯದ ತುದಿಯಲ್ಲಿ, ಸಮುದ್ರದೊಳಕ್ಕೆ ಚಾಚಿಕೊಂಡಿರುವ ನಾಡು ಅದು. ತವರ ಮತ್ತು ತಾಮ್ರದ ಗಣಿಗಳ ನಾಡು. ಅಲ್ಲಿ ಗಣಿಗಳು ಮುಚ್ಚುತ್ತಾ ಬಂದಾಗ ಅಲ್ಲಿನ ಜನ ಭೂಮಿಯ ಮೇಲೆ ಎಲ್ಲೆಲ್ಲಿ ಗುಂಡಿ ತೋಡುತ್ತಿದ್ದರೋ ಅಲ್ಲಿಗೆಲ್ಲ ಹೋದರು. ನಮ್ಮಲ್ಲಿಗೂ ಬಂದರು.

ಸ್ಕೂಲಿಗೆ ಹೋಗುವಾಗ ಅವರ ಸ್ಮಶಾನದ ಪಕ್ಕ ಹಾದು ಹೋಗುತ್ತಿದ್ದೆವು. ಕಲ್ಲುಗಳ ಮೇಲಿನ ಹೆಸರುಗಳನ್ನು ಓದಿಕೊಂಡು ನಡೆಯೋದು ನಮ್ಮ ಆಟ. ‘ಟ್ರೆ’ ಅಂತ ಶುರುವಾಗುವ ಹೆಸರುಗಳು, ‘ಪೆನ್’ ಅಂತ ಶುರುವಾಗುವ ಹೆಸರುಗಳು. ಯಾಕೆ ಎಲ್ಲ ಒಂದೇ ಥರ ಅಂತ ಆಗ ಗೊತ್ತಿರಲಿಲ್ಲ. ಎರಡನೇ ವಾರದ ಪಾಠದಲ್ಲಿ ಗೊತ್ತಾಯಿತು. ‘ಟ್ರೆ’ ಅಂದರೆ ಮನೆ, ಊರು. ‘ಪೋಲ್’ ಅಂದರೆ ಕೊಳ. ‘ಪೆನ್’ ಅಂದರೆ ತಲೆ ಅಥವಾ ತುದಿ. ಪೆನ್ಜ಼ಾನ್ಸ್ ಅನ್ನುವ ಊರಿನ ಹೆಸರು ‘ಪೆನ್ ಸಾನ್ಸ್’, ಅಂದರೆ ಪವಿತ್ರವಾದ ತುದಿ. ನಲವತ್ತು ವರ್ಷದ ಹಿಂದೆ ನಾನು ಸುಮ್ನೆ ಬಾಯಿಪಾಠ ಮಾಡಿದ್ದ ಹೆಸರುಗಳು ಆ ರಾತ್ರಿ ಒಂದೊಂದಾಗಿ ಬಾಗಿಲು ತೆರೆದವು. ಅಂದು ನನಗೆ ನಿದ್ದೆ ಬರಲಿಲ್ಲ.

ತಾತ ಒಂದು ಮಾತು ಹೇಳುತ್ತಿದ್ದರು. ಗಣಿಯ ದೊರೆಗಳಿಗೆ ನಮ್ಮ ಮಾತು ನಾಲ್ಕೇ ಬರುತ್ತಿದ್ದವಂತೆ. ‘ಬಾ’, ‘ಹೋಗು’, ‘ತಾ’, ‘ಬೇಗ’. ಇದನ್ನೇ ಅವರು ಕನ್ನಡದವರಿಗೆ ಕನ್ನಡದಲ್ಲಿ, ತಮಿಳರಿಗೆ ತಮಿಳಿನಲ್ಲಿ ಹೇಳುತ್ತಿದ್ದರು. ಅರವತ್ತು ವರ್ಷದ ಮೇಸ್ತ್ರಿಗೂ ‘ಬಾ’, ಹದಿನಾರರ ಹುಡುಗನಿಗೂ ‘ಬಾ’. ‘ಬನ್ನಿ ಅನ್ನೋದನ್ನ ಅವರಿಗೆ ಯಾರೂ ಕಲಿಸಲಿಲ್ಲ ಕಣಮ್ಮ’ ಅನ್ನುತ್ತಿದ್ದರು. ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಹೊಟ್ಟೆಯಲ್ಲಿ ಉಳಿದುಹೋದ ಮಾತನ್ನು ಹೇಳುವಂತೆ ಹೇಳುತ್ತಿದ್ದರು.

ಹಾಗೆ ಬಂದವರಿಗೆ ಅವರದೇ ಹಳೆಯ ಭಾಷೆ ಕೂಡ ಬರುತ್ತಿರಲಿಲ್ಲ ಅನ್ನುವುದು ನನಗೆ ಗೊತ್ತಾಗಿದ್ದು ಈ ತರಗತಿಯಲ್ಲೇ. ಅವರು ಕೋಲಾರಕ್ಕೆ ಬರುವ ಹೊತ್ತಿಗೆ ಕಾರ್ನಿಶ್ ಮನೆಮಾತಾಗಿ ನಿಂತುಹೋಗಿ ನೂರು ವರ್ಷವಾಗಿತ್ತು. 1549ರಲ್ಲಿ ಚರ್ಚಿನ ಪ್ರಾರ್ಥನೆ ಇಂಗ್ಲಿಷ್‌ನಲ್ಲೇ ಆಗಬೇಕು ಅಂತ ರಾಜನ ಆಜ್ಞೆ ಬಂತು. ಕಾರ್ನ್‌ವಾಲ್ ಜನ ದಂಗೆ ಎದ್ದರು, ಸಾವಿರಾರು ಜನ ಸತ್ತರು. ಅಲ್ಲಿಂದ ಭಾಷೆ ಪಶ್ಚಿಮಕ್ಕೆ ಸರಿಯುತ್ತಾ ಸರಿಯುತ್ತಾ ಸಮುದ್ರದ ಅಂಚಿಗೆ ಬಂತು. ಮೌಸಲ್ ಅನ್ನುವ ಮೀನುಗಾರರ ಹಳ್ಳಿಯಲ್ಲಿ ಮೀನು ಮಾರುತ್ತಿದ್ದ ಡಾಲಿ ಪೆಂಟ್ರೀತ್ ಅನ್ನುವ ಹೆಂಗಸು 1777ರಲ್ಲಿ ತೀರಿಕೊಂಡಳು. ಈ ಭಾಷೆಯನ್ನು ಹುಟ್ಟಿನಿಂದ ಆಡಿದ ಕೊನೆಯವಳು ಅವಳೇ ಅಂತ ಜನ ನಂಬಿಕೊಂಡು ಬಂದಿದ್ದಾರೆ. ಅವಳ ಆಮೇಲೂ ಸ್ವಲ್ಪ ಬಲ್ಲವರು ಇದ್ದರು ಅನ್ನುವವರೂ ಇದ್ದಾರೆ. ಕೆಜಿಎಫ್‌ಗೆ ಬಂದವರ ಹೆಸರಿನಲ್ಲಿ ಮಾತ್ರ ಕಾರ್ನಿಶ್ ಉಳಿದಿತ್ತು. ಬಾಯಲ್ಲಿ ಇರಲಿಲ್ಲ.

ಈಗ ಐದನೇ ವಾರಕ್ಕೆ ಬರುತ್ತೇನೆ.

ಟೀಚರ್ ಮೊದಲು ಒಂದು ಫೋಟೋ ತೋರಿಸಿದರು. ಮೌಸಲ್ ಪಕ್ಕದ ಪಾಲ್ ಅನ್ನುವ ಊರಿನ ಚರ್ಚಿನ ಆವರಣದ ಗೋಡೆಯಲ್ಲಿ ಡಾಲಿಯ ಸ್ಮಾರಕ ಇದೆ. 1860ರಲ್ಲಿ ಕಟ್ಟಿದ್ದು. ಅದರ ಮೇಲೆ ಬೈಬಲ್ಲಿನ ಒಂದು ಆಜ್ಞೆಯನ್ನು ಇಂಗ್ಲಿಷ್‌ನಲ್ಲೂ ಕಾರ್ನಿಶ್‌ನಲ್ಲೂ ಕೆತ್ತಿದ್ದಾರೆ. ‘ನಿನ್ನ ತಂದೆ ತಾಯಿಯನ್ನು ಗೌರವಿಸು’ ಅನ್ನುವ ಮಾತು. ಕಾರ್ನಿಶ್ ಸಾಲು ಶುರುವಾಗುವುದು ‘ಗ್ವ್ರಾ’ ಅಂತ. ಟೀಚರ್ ಆ ಒಂದು ಪದದ ಮೇಲೆ ಬೆರಳಿಟ್ಟು, ‘ಇವತ್ತಿನ ಪಾಠ ಇದೇ’ ಅಂದರು.

‘ಗ್ವ್ರಾ’ ಅಂದರೆ ‘ಮಾಡು’. ಕಾರ್ನಿಶ್‌ನಲ್ಲಿ ಯಾವ ಕೆಲಸದ ಹೆಸರಿಗೂ ಮೊದಲು ‘ಗ್ವ್ರಾ’ ಇಟ್ಟರೆ ಆಜ್ಞೆ ಆಗುತ್ತದೆ. ನಾವು ‘ಊಟ ಮಾಡು’, ‘ಸ್ನಾನ ಮಾಡು’, ‘ಫೋನ್ ಮಾಡು’ ಅನ್ನುವ ಹಾಗೆ. ಹೊಸದಾಗಿ ಕಲಿಯುವವರಿಗೆ ಇದು ದೊಡ್ಡ ಆಸರೆ. ಕ್ರಿಯಾಪದದ ನೂರು ರೂಪ ಗೊತ್ತಿಲ್ಲದಿದ್ದರೂ ‘ಗ್ವ್ರಾ’ ಒಂದು ಗೊತ್ತಿದ್ದರೆ ಸಾಕು, ಬಾಯಿ ತೆರೆಯಬಹುದು.

ಆಮೇಲೆ ನೇರ ರೂಪಗಳು. ಒಬ್ಬರಿಗೆ, ಹತ್ತಿರದವರಿಗೆ ಹೇಳುವಾಗ ಧಾತುವನ್ನು ಹಾಗೇ ಬಿಡುತ್ತಾರೆ. ‘ಮೀರ್’ ಅಂದರೆ ನೋಡು. ‘ಎಸೆಧ್’ ಅಂದರೆ ಕೂತ್ಕೋ. ‘ಲಾವರ್’ ಅಂದರೆ ಹೇಳು. ಹಲವರಿಗೆ ಹೇಳುವಾಗ ಅಥವಾ ಮರ್ಯಾದೆ ಕೊಟ್ಟು ಹೇಳುವಾಗ ಕೊನೆಗೆ ‘ಎವ್ಹ್’ ಸೇರುತ್ತದೆ. ಗಂಟಲಿನಿಂದ ಉಸಿರು ತಳ್ಳುವ ಸದ್ದು ಅದು. ‘ಮೀರೆವ್ಹ್’ ನೋಡಿ. ‘ಎಸೆಧೆವ್ಹ್’ ಕೂತುಕೊಳ್ಳಿ. ‘ಲೆವೆರೆವ್ಹ್’ ಹೇಳಿ. ನಮ್ಮ ‘ನೋಡು’ಗೆ ‘ಇ’ ಸೇರಿ ‘ನೋಡಿ’ ಆಗುವ ಥರವೇ. ನೀನು ಅನ್ನೋದಕ್ಕೆ ‘ತೀ’, ನೀವು ಅನ್ನೋದಕ್ಕೆ ‘ಹ್ವೀ’. ತರಗತಿಯಲ್ಲಿ ಇಂಗ್ಲಿಷ್ ಒಂದೇ ಗೊತ್ತಿದ್ದವರು ಇಲ್ಲಿ ಪೇಚಾಡಿದರು. ಯಾರಿಗೆ ‘ತೀ’, ಯಾರಿಗೆ ‘ಹ್ವೀ’ ಅಂತ ಪದೇ ಪದೇ ಕೇಳಿದರು. ನನಗೆ ಕೇಳುವ ಅಗತ್ಯವೇ ಬೀಳಲಿಲ್ಲ.

ಟೀಚರ್ ಎರಡೂ ರೂಪಗಳನ್ನು ಒಂದೇ ಉಸಿರಿನಲ್ಲಿ ಕಲಿಸಿದರು. ‘ದೇಸ್’ ಹೇಳಿಕೊಟ್ಟ ಮರುಕ್ಷಣವೇ ‘ದೆವ್ಹ್’. ಬಾ, ಬನ್ನಿ. ‘ಕೇ’ ಹೇಳಿದ ಮೇಲೆ ‘ಕೆವ್ಹ್’. ಹೋಗು, ಹೋಗಿ. ಸುಲಭವಾದದ್ದನ್ನು ಮೊದಲು ಕಲಿಸಿ ಮರ್ಯಾದೆಯದನ್ನು ಮುಂದಿನ ಹಂತಕ್ಕೆ ತಳ್ಳಲಿಲ್ಲ. ನಾನು ತಾತನನ್ನು ನೆನೆದೆ. ಈ ಒಂದು ಕಾರಣಕ್ಕೇ ಈ ತರಗತಿಗೆ ಕೊಟ್ಟ ದುಡ್ಡು ಸಾರ್ಥಕ ಅಂತ ನನಗನ್ನಿಸಿತು.

ಬಾ, ಹೋಗು, ತಾ: ಈ ಮೂರೂ ಕಾರ್ನಿಶ್‌ನಲ್ಲಿ ನಿಯಮಕ್ಕೆ ಸಿಕ್ಕುವುದಿಲ್ಲ. ‘ಬರುವುದು’ ಅನ್ನೋದಕ್ಕೆ ‘ದೋಸ್’, ಆದರೆ ‘ಬಾ’ ಅಂದರೆ ‘ದೇಸ್’. ‘ಹೋಗುವುದು’ ಅನ್ನೋದಕ್ಕೆ ‘ಮೋಸ್’, ‘ಹೋಗು’ ಅಂದರೆ ಅದಕ್ಕೆ ಸಂಬಂಧವೇ ಇಲ್ಲದ ‘ಕೇ’. ‘ತಾ’ ಅನ್ನೋದಕ್ಕೆ ‘ದೊರೊ’. ಉಳಿದವರು ನಿಟ್ಟುಸಿರು ಬಿಟ್ಟರು. ನಮ್ಮಲ್ಲೂ ‘ಬರು’ ಹೋಗಿ ‘ಬಾ’ ಆಗುತ್ತದೆ, ‘ತರು’ ಹೋಗಿ ‘ತಾ’ ಆಗುತ್ತದೆ, ‘ಬನ್ನಿ’, ‘ತನ್ನಿ’ ಆಗುತ್ತದೆ ಅಲ್ವಾ? ಜಾಸ್ತಿ ಬಳಸುವ ಪಾತ್ರೆಯೇ ಜಾಸ್ತಿ ಸವೆಯುತ್ತದೆ.

ಬೇಡ ಅನ್ನುವುದಕ್ಕೆ ‘ನಾ’ ಸೇರಿಸಬೇಕು. ಆದರೆ ‘ನಾ ಗ್ವ್ರಾ’ ಅಲ್ಲ, ‘ನಾ ವ್ರಾ’. ‘ನಾ’ ಬಂದ ಕೂಡಲೇ ‘ಗ’ ಬಿದ್ದುಹೋಗುತ್ತದೆ. ‘ನಾ ವ್ರಾ ಅಂಕೆವಿ’ ಅಂದರೆ ಮರೆಯಬೇಡ. ‘ನಾ ವ್ರೆವ್ಹ್ ಅಂಕೆವಿ’ ಅಂದರೆ ಮರೆಯಬೇಡಿ. ಪದದ ಮೊದಲ ಅಕ್ಷರ ಹೀಗೆ ಬದಲಾಗುವುದು ವೆಲ್ಶ್, ಬ್ರೆಟನ್, ಕಾರ್ನಿಶ್ ಮೂರರಲ್ಲೂ ಇದೆ. ಮೂರೂ ಅಕ್ಕತಂಗಿ ಭಾಷೆಗಳು. ಕಾರ್ನಿಶ್‌ನಲ್ಲಿ ‘ಕ’ ಹೋಗಿ ‘ಗ’ ಬರುತ್ತದೆ, ‘ತ’ ಹೋಗಿ ‘ದ’, ‘ಪ’ ಹೋಗಿ ‘ಬ’. ಬೆಕ್ಕಿಗೆ ‘ಕಾಥ್’. ‘ಆ ಬೆಕ್ಕು’ ಅನ್ನಬೇಕಾದರೆ ‘ಆನ್ ಗಾಥ್’. ‘ಬ’ ಮತ್ತು ‘ಮ’ ಎರಡೂ ‘ವ’ ಆಗುತ್ತವೆ. ‘ಮಾಮ್’ ಅಂದರೆ ತಾಯಿ, ‘ಆನ್ ವಾಮ್’ ಅಂದರೆ ಆ ತಾಯಿ.

ಈ ಪಟ್ಟಿ ತೆರೆಯ ಮೇಲೆ ಬಂದಾಗ ನಾನು ಪೆನ್ನು ಕೆಳಗಿಟ್ಟೆ. ಇದನ್ನು ನಾನು ಎಂಟನೇ ಕ್ಲಾಸಿನಲ್ಲಿ ಕಲಿತಿದ್ದೆ. ಆದೇಶ ಸಂಧಿ! ಮಳೆ ಮತ್ತು ಕಾಲ ಸೇರಿ ಮಳೆಗಾಲ. ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ. ಕಣ್ಣು ಮತ್ತು ಪನಿ ಸೇರಿ ಕಂಬನಿ. ಕ, ತ, ಪ ಹೋಗಿ ಗ, ದ, ಬ. ಮೆಲ್ ಮತ್ತು ಮಾತು ಸೇರಿ ಮೆಲ್ವಾತು, ಅಲ್ಲಿ ‘ಮ’ ಹೋಗಿ ‘ವ’. ಎರಡು ಭಾಷೆಗೂ ರಕ್ತಸಂಬಂಧ ಇಲ್ಲ. ನಮ್ಮದು ದ್ರಾವಿಡ, ಅದು ಸೆಲ್ಟಿಕ್. ಆದರೆ ನಾಲಿಗೆ ಎಲ್ಲರಿಗೂ ಒಂದೇ. ಎರಡು ಪದ ಹತ್ತಿರ ಬಂದರೆ ಗಟ್ಟಿ ಸದ್ದು ಮೆತ್ತಗಾಗುತ್ತದೆ. ನಾನು ಕೈ ಎತ್ತಿ ಇದನ್ನು ಹೇಳಿದೆ. ಟೀಚರ್ ‘ಮಳೆಗಾಲ’ವನ್ನು ಮೂರು ಸಲ ನನ್ನಿಂದ ಹೇಳಿಸಿ, ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆಸ್ಟ್ರೇಲಿಯಾದಿಂದ ಬೆಳಗಿನ ಜಾವ ಎದ್ದು ಕೂತಿದ್ದ ಒಬ್ಬರು, ಅವರ ಮುತ್ತಜ್ಜ ಕಾರ್ನ್‌ವಾಲ್‌ನಿಂದ ಅಲ್ಲಿಯ ತಾಮ್ರದ ಗಣಿಗೆ ಹೋದವರು, ‘ಕಂಬನಿ’ ಅನ್ನುವ ಪದವನ್ನು ಮತ್ತೆ ಕೇಳಿದರು.

ಆ ವಾರ ನನಗೆ ತುಂಬ ಹಿಡಿಸಿದ ವಾಕ್ಯ ‘ನಾ ಬೋರ್ಥ್ ಔನ್’. ‘ಹೆದರಬೇಡ’ ಅಂತ. ಹಳೆಯ ಕಾರ್ನಿಶ್ ಬರಹಗಳಿಂದ ಬಂದ ಮಾತು ಇದು. ಪದಕ್ಕೆ ಪದ ಇಟ್ಟರೆ ‘ಭಯ ಹೊರಬೇಡ’ ಅಂತ ಅರ್ಥ. ‘ಪೋರ್ಥ್’ ಅನ್ನೋದು ‘ಬೋರ್ಥ್’ ಆಗಿದೆ, ನಮ್ಮ ‘ಪನಿ’ ‘ಬನಿ’ ಆದ ಹಾಗೆ. ಭಯ ಅನ್ನೋದು ತಲೆಯ ಮೇಲಿನ ಹೊರೆ, ಅದನ್ನು ಇಳಿಸು ಅನ್ನುತ್ತದೆ ಆ ಭಾಷೆ. ಗಣಿಯೊಳಕ್ಕೆ ಇಳಿಯುವವರ ನಾಡಿನಲ್ಲಿ ಈ ಮಾತು ಎಷ್ಟು ಸಲ ಬೇಕಾಗಿದ್ದಿರಬಹುದು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಹೋಗಿತ್ತು. ತಾತ ಕೆಲಸಕ್ಕೆ ಹೊರಡುವಾಗ ಅಜ್ಜಿ ಬಾಗಿಲಲ್ಲಿ ನಿಂತು ‘ಹುಷಾರು’ ಅನ್ನುತ್ತಿದ್ದರಂತೆ. ಅದು ಆಜ್ಞೆಯೂ ಹೌದು, ಬೇಡಿಕೆಯೂ ಹೌದು.

‘ಮಾರ್ ಪ್ಲೇಗ್’ ಬಗ್ಗೆಯೂ ಒಂದು ಮಾತು. ದಯವಿಟ್ಟು ಅನ್ನೋದಕ್ಕೆ ಅವರು ಇದನ್ನು ಬಳಸುತ್ತಾರೆ. ‘ಇಷ್ಟವಾದರೆ’ ಅಂತ ಅದರ ಮೂಲ ಅರ್ಥ. ಟೀಚರ್ ನನ್ನನ್ನು ಕೇಳಿದರು, ಕನ್ನಡದಲ್ಲಿ ಏನನ್ನುತ್ತೀರಿ ಅಂತ. ‘ದಯವಿಟ್ಟು’ ಇದೆ, ಆದರೆ ಮನೆಯಲ್ಲಿ ಯಾರೂ ಅದನ್ನು ಹೇಳುವುದಿಲ್ಲ, ಬೋರ್ಡಿನ ಮೇಲೆ ಬರೆಯುತ್ತೇವೆ ಅಂದೆ. ಮನೆಯಲ್ಲಿ ‘ಸ್ವಲ್ಪ ನೀರು ಕೊಡಿ’ ಅನ್ನುತ್ತೇವೆ. ಆ ‘ಸ್ವಲ್ಪ’ ನೀರಿನ ಅಳತೆ ಅಲ್ಲ, ಅದೇ ನಮ್ಮ ‘ಮಾರ್ ಪ್ಲೇಗ್’. ಇದನ್ನು ವಿವರಿಸಲು ಐದು ನಿಮಿಷ ಹಿಡಿಯಿತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಇನ್ನು ಆರನೇ ವಾರ. ಸಲಹೆ ಕೊಡುವ ಪಾಠ. ನಾನು ಎಲ್ಲಕ್ಕಿಂತ ಜಾಸ್ತಿ ಕಾದಿದ್ದು ಇದಕ್ಕೆ. ಇಲ್ಲಿ ನನಗೆ ನಿರಾಸೆಯಾಯಿತು. ಹಿಂದಿನ ವಾರ ಅಕ್ಷರ ಬದಲಾಗುವ ಪಟ್ಟಿಯನ್ನು ಪೂರ್ತಿ ಮಾಡಲು ಆಗಿರಲಿಲ್ಲ. ಅದನ್ನು ಮುಗಿಸುವುದರಲ್ಲೇ ಒಂದು ಗಂಟೆ ಹೋಯಿತು. ಆ ಪಟ್ಟಿ ಒಂದೇ ಏಟಿಗೆ ಕೊಡುವಂಥದ್ದಲ್ಲ. ಹತ್ತೂ ವಾರಕ್ಕೆ ಹಂಚಿ, ಎಲ್ಲೆಲ್ಲಿ ಎದುರಾಗುತ್ತದೋ ಅಲ್ಲಲ್ಲಿ ತೋರಿಸಬೇಕಿತ್ತು. ಸಲಹೆಯ ಪಾಠಕ್ಕೆ ಉಳಿದದ್ದು ಇಪ್ಪತ್ತೇ ನಿಮಿಷ.

ಆ ಇಪ್ಪತ್ತು ನಿಮಿಷದಲ್ಲಿ ಸಿಕ್ಕಿದ್ದು ಮಾತ್ರ ಚಿನ್ನ. ‘ಮಾಡೋಣ’ ಅನ್ನೋದಕ್ಕೆ ‘ಗ್ವ್ರೆನ್’. ‘ಹಾಡೋಣ’ ಅಂದರೆ ‘ಗ್ವ್ರೆನ್ ಕಾನಾ’. ‘ಟೀ ಕುಡಿಯೋಣ’ ಅಂದರೆ ‘ಗ್ವ್ರೆನ್ ಎವಾ ತೇ’. ‘ಹೊರಡೋಣ’ ಅನ್ನೋದಕ್ಕೆ ‘ದೇನ್’ ಸಾಕು. ಇಂಗ್ಲಿಷ್‌ನಲ್ಲಿ ಇದಕ್ಕೆ ಎರಡು ಮೂರು ಪದ ಜೋಡಿಸಬೇಕು. ಕಾರ್ನಿಶ್‌ನಲ್ಲಿ ಒಂದೇ ಪದ, ಕನ್ನಡದಲ್ಲೂ ಒಂದೇ ಪದ. ‘ಇರಲಿ’ ಅನ್ನೋದಕ್ಕೂ ಒಂದೇ ಪದ ಇದೆ: ‘ಬೆಧೆಸ್’. ಇಂಗ್ಲಿಷ್ ಮೂಲಕ ಇದನ್ನು ಕಲಿಯುತ್ತಿದ್ದ ನಾನು ಅಲ್ಲಿಂದಾಚೆ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಅರ್ಥ ಬರೆದುಕೊಳ್ಳಲು ಶುರುಮಾಡಿದೆ. ಎಷ್ಟು ಸಲೀಸಾಯಿತು ಅಂದರೆ, ಮೊದಲೇ ಹೀಗೆ ಮಾಡಬೇಕಿತ್ತು ಅನ್ನಿಸಿತು.

ನೇರವಾಗಿ ಹೇಳದೆ ನಯವಾಗಿ ಹೇಳುವ ರೀತಿಗಳೂ ಇವೆ. ‘ರೇಸ್ ಯು ಧಿಸ್’ ಅಂದರೆ ನೀನು ಮಾಡಲೇಬೇಕು. ‘ಇ ತಾಲ್ ಧಿಸ್’ ಅಂದರೆ ನೀನು ಮಾಡಿದರೆ ಒಳ್ಳೆಯದು. ಈ ‘ಧಿಸ್’ ಅಂದರೆ ‘ನಿನಗೆ’. ‘ನನಗೆ’ ಅನ್ನೋದಕ್ಕೆ ‘ಧಿಮ್’, ‘ಅವನಿಗೆ’ ‘ಧೊಧೊ’, ‘ಅವಳಿಗೆ’ ‘ಧೆಧಿ’. ನಮ್ಮ ಚತುರ್ಥಿ ವಿಭಕ್ತಿಯ ಹಾಗೆ ಎಲ್ಲ ಒಂದೊಂದೇ ಪದ. ‘ಬರ್ತೀಯಾ?’ ಅಂತ ಕೇಳುವ ರೀತಿಯೂ ಇದೆ. ‘ಎ ವಿನ್ತಾ ದೋಸ್?’ ಅಂದರೆ ಬರಲು ನಿನಗೆ ಮನಸ್ಸಿದೆಯಾ ಅಂತ. ಅದಕ್ಕೆ ಉತ್ತರ ‘ಹೌದು’ ಅಲ್ಲ, ಅದೇ ಕ್ರಿಯಾಪದವನ್ನು ತಿರುಗಿಸಿ ಹೇಳಬೇಕು. ನಾವೂ ‘ಬರ್ತೀಯಾ?’ ಅಂದರೆ ‘ಬರ್ತೀನಿ’ ಅನ್ನುತ್ತೇವಲ್ಲ, ಹಾಗೆ. ಇದನ್ನೆಲ್ಲ ಇನ್ನೂ ಒಂದು ವಾರ ಆಡಿಸಿ ಆಡಿಸಿ ಕಲಿಸಿದ್ದರೆ! ಇಬ್ಬಿಬ್ಬರನ್ನು ಬೇರೆ ಬೇರೆ ಕೋಣೆಗೆ ಕಳಿಸಿ ಮಾತಾಡಿಸುವ ಅಭ್ಯಾಸ ಐದನೇ ವಾರ ತುಂಬ ಚೆನ್ನಾಗಿ ನಡೆದಿತ್ತು. ಆರನೇ ವಾರ ಅದಕ್ಕೆ ಸಮಯವೇ ಉಳಿಯಲಿಲ್ಲ.

ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣ ನನ್ನ ಭಾನುವಾರದ ಮಕ್ಕಳು. ನಮ್ಮ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಏಳು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಎಲ್ಲ ಪುಣೆಯಲ್ಲೇ ಹುಟ್ಟಿದವರು. ಅಪ್ಪ ಅಮ್ಮ ಐಟಿಯವರು, ಅಜ್ಜ ಅಜ್ಜಿ ವಿಜಯಪುರ, ಬೆಳಗಾವಿ, ಹಾಸನದ ಕಡೆಯವರು. ಈ ಮಕ್ಕಳಿಗೆ ಕನ್ನಡ ಬರುವುದಿಲ್ಲ ಅನ್ನುವ ಹಾಗಿಲ್ಲ. ‘ಬಾ’, ‘ಕೂತ್ಕೋ’, ‘ತಿನ್ನು’, ‘ಕೈ ತೊಳ್ಕೋ’, ‘ಗಲಾಟೆ ಮಾಡಬೇಡ’: ಎಲ್ಲ ಅರ್ಥವಾಗುತ್ತದೆ. ಮನೆಯಲ್ಲಿ ಅವರ ಕಿವಿಗೆ ಬೀಳುವ ಕನ್ನಡ ಅಷ್ಟೇ. ದೊಡ್ಡವರು ಆಜ್ಞೆ ಮಾಡುತ್ತಾರೆ, ಮಕ್ಕಳು ಕೇಳುತ್ತಾರೆ, ಉತ್ತರ ಮರಾಠಿಯಲ್ಲಿ ಬರುತ್ತದೆ. ಅವರ ಬಾಯಿಂದ ಯಾರಿಗೂ ‘ಬನ್ನಿ’ ಅನ್ನುವ ಸಂದರ್ಭವೇ ಬಂದಿಲ್ಲ. ‘ಹೋಗೋಣ’ ಅನ್ನೋದಂತೂ ಇಲ್ಲವೇ ಇಲ್ಲ, ಅದರ ಜಾಗದಲ್ಲಿ ‘ಚಲ್’ ಬಂದು ಕೂತಿದೆ.

ಐದನೇ ವಾರದ ಪಾಠ ಆದ ಮೇಲಿನ ಭಾನುವಾರ ನಾನು ಪುಸ್ತಕ ತೆರೆಯಲಿಲ್ಲ. ಮಕ್ಕಳನ್ನು ಸುತ್ತ ನಿಲ್ಲಿಸಿ, ‘ಇವತ್ತು ನೀವು ಹೇಳಿ, ನಾನು ಮಾಡ್ತೀನಿ’ ಅಂದೆ. ನಮ್ಮ ಕಾರ್ನಿಶ್ ಟೀಚರ್ ನಮ್ಮ ಕೈಲಿ ಮಾಡಿಸಿದ್ದು ಇದನ್ನೇ. ಅವರೇ ಎದ್ದು ನಿಂತು, ನಮ್ಮಿಂದ ‘ಎಸೆಧೆವ್ಹ್’ ಅನ್ನಿಸಿಕೊಂಡು ಕೂತಿದ್ದರು. ನನ್ನ ಮಕ್ಕಳು ಮೊದಲು ‘ಟೀಚರ್, ಕೂತ್ಕೋ’ ಅಂದರು. ನಾನು ನಿಂತೇ ಇದ್ದೆ. ಎರಡನೇ ಸಲ ಒಬ್ಬ ಹುಡುಗಿ ‘ಕೂತ್ಕೊಳ್ಳಿ’ ಅಂದಳು. ಕೂತೆ. ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ಒಂದು ಗಂಟೆ ನನ್ನನ್ನು ಕ್ಲಬ್‌ಹೌಸಿನ ತುಂಬ ಓಡಾಡಿಸಿದರು. ಕಿಟಕಿ ತೆಗೀರಿ, ಫ್ಯಾನ್ ಹಾಕಿ, ಫ್ಯಾನ್ ಹಾಕಬೇಡಿ, ಹಾಡು ಹೇಳಿ.

‘ಓಣ’ ಕಲಿಸಲು ಇನ್ನೂ ಎರಡು ಭಾನುವಾರ ಬೇಕಾಯಿತು. ವಿಜಯಪುರದ ಅಜ್ಜಿಯೊಬ್ಬರು ಮೊಮ್ಮಗನನ್ನು ಕರೆದುಕೊಂಡು ಹೋಗಲು ಬಂದಿದ್ದರು. ಅವನು ಚಪ್ಪಲಿ ಹಾಕಿಕೊಂಡು ಅವರ ಕೈ ಹಿಡಿದು, ‘ಅಜ್ಜೀ, ಹೋಗೋಣ’ ಅಂದ. ಅವರು ನನ್ನ ಮುಖ ನೋಡಿದರು. ‘ದಿನಾ ಚಲ್ ಚಲ್ ಅಂತಿದ್ದ ನೋಡ್ರಿ ಇವಾ’ ಅಂದರು. ಅವರ ಕಣ್ಣು ತುಂಬಿದ್ದನ್ನು ನಾನು ಕಂಡೆ.

ಉಳಿದ ಕೊರತೆಗಳನ್ನು ಬೇಗ ಹೇಳಿಬಿಡುತ್ತೇನೆ. ಕಾಗುಣಿತದ ಗೊಂದಲ ಇದೆ. 1904ರಲ್ಲಿ ಹೆನ್ರಿ ಜೆನ್ನರ್ ಈ ಭಾಷೆಗೆ ಕೈಪಿಡಿ ಬರೆದು ಮತ್ತೆ ಜೀವ ಕೊಡಲು ಹೊರಟ ಮೇಲೆ, ಅದನ್ನು ಬರೆಯುವ ರೀತಿಯ ಬಗ್ಗೆ ಹಲವು ಪಂಗಡಗಳಾದವು. ಎಲ್ಲರೂ ಒಪ್ಪುವ ಒಂದು ಬರಹದ ರೂಪ ಸಿದ್ಧವಾದದ್ದು 2008ರಲ್ಲಿ. ನಮಗೆ ಕೊಟ್ಟ ಹಾಳೆಗಳಲ್ಲಿ ಕೆಲವು ಹಳೆಯ ಕಾಗುಣಿತದಲ್ಲಿದ್ದವು, ಕೆಲವು ಹೊಸದರಲ್ಲಿ. ಒಂದೇ ಪದವನ್ನು ಎರಡು ಥರ ನೋಡಿ ಹೊಸಬರು ಎರಡು ಪದ ಅಂದುಕೊಳ್ಳುತ್ತಾರೆ. ಇದನ್ನು ಮೊದಲ ದಿನವೇ ಹೇಳಬೇಕಿತ್ತು. ಪಾಠದ ರೆಕಾರ್ಡಿಂಗ್ ಏಳೇ ದಿನ ಇರುತ್ತಿತ್ತು. ನಾನು ಮೇಲ್ ಬರೆದು ಕೇಳಿದ ಮೇಲೆ ಎರಡು ವಾರ ಇಟ್ಟರು. ಕೇಳಿದರೆ ಕಿವಿಗೊಡುತ್ತಾರೆ, ಅದು ಒಳ್ಳೆಯ ಗುಣ.

ಭಾರತದಿಂದ ಸೇರುವವರು ಗಡಿಯಾರದ ಬಗ್ಗೆ ತಿಳಿದಿರಬೇಕು. ಅವರ ಸಂಜೆ 7 ಗಂಟೆ ನಮಗೆ ರಾತ್ರಿ 11:30. ಅಕ್ಟೋಬರಿನ ಕೊನೆಯ ಭಾನುವಾರ ಬ್ರಿಟನ್ನಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆಗ ನಮಗೆ 12:30. ನಾನು ಏಳನೇ ವಾರ ಒಂದು ಗಂಟೆ ಮುಂಚೆಯೇ ಹೋಗಿ ಖಾಲಿ ತೆರೆಯ ಮುಂದೆ ಕೂತಿದ್ದೆ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಗೆ ಇದು ಕಷ್ಟ.

ದುಡ್ಡು ಕೊಡುವ ಮೊದಲು ರುಚಿ ನೋಡಬೇಕು ಅನ್ನುವವರಿಗೆ ‘ಗೋ ಕಾರ್ನಿಶ್’ ಅನ್ನುವ ಜಾಲತಾಣದಲ್ಲಿ ಶುರುವಿನ ಪಾಠಗಳು ಉಚಿತವಾಗಿ ಸಿಗುತ್ತವೆ. ‘ಅಕಾಡೆಮಿ ಕೆರ್ನೆವೆಕ್’ ಅವರ ನಿಘಂಟೂ ಆನ್‌ಲೈನಿನಲ್ಲಿ ಉಚಿತ. ಹತ್ತು ವಾರವೂ ನಾನು ಅದನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೇ ಕೂತಿದ್ದೆ. ಒಂದು ಸಂಜೆ ಅದರಲ್ಲಿ ಬಾಗಿಲು ಅನ್ನೋದನ್ನು ಹುಡುಕಿದೆ. ‘ದಾರಸ್’ ಅಂತ ಇತ್ತು. ಸಂಸ್ಕೃತದ ‘ದ್ವಾರ’ಕ್ಕೂ ಅದಕ್ಕೂ ಬೇರು ಒಂದೇ. ನಮ್ಮ ಅಮ್ಮನಿಗೆ ಹೇಳಿದೆ. ‘ಇಗೊರ್ ಆನ್ ದಾರಸ್’, ಬಾಗಿಲು ತೆಗಿ ಅಂತ. ಈಗ ಅಮ್ಮ ನಾನು ಆಫೀಸಿನಿಂದ ಬಂದು ಬೆಲ್ ಒತ್ತಿದರೆ ಒಳಗಿನಿಂದ ‘ದಾರಸ್ಸಾ?’ ಅಂತ ಕೇಳುತ್ತಾರೆ.

2011ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ 557 ಜನ ಕಾರ್ನಿಶ್ ತಮ್ಮ ಮುಖ್ಯ ಭಾಷೆ ಅಂತ ಬರೆಸಿದ್ದರು. ಅದೇ ವರ್ಷದ ನಮ್ಮ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 4.37 ಕೋಟಿ. 557 ಜನರ ಭಾಷೆಗೆ ಪಾಠ ಇದೆ, ಪರೀಕ್ಷೆ ಇದೆ, ನಿಘಂಟು ಇದೆ, ಕಾರ್ನ್‌ವಾಲ್‌ಗೆ ಹೋಗುವ ರಸ್ತೆಯ ಗಡಿಯಲ್ಲಿ ‘ನಿಮಗೆ ಸ್ವಾಗತ’ ಅಂತ ಕಾರ್ನಿಶ್ ಬೋರ್ಡ್ ಇದೆ. ಅದರಲ್ಲೂ ‘ನಿನಗೆ’ ಅಲ್ಲ, ‘ನಿಮಗೆ’. ಯುನೆಸ್ಕೋ ಒಮ್ಮೆ ಈ ಭಾಷೆ ಸತ್ತಿದೆ ಅಂತ ಪಟ್ಟಿ ಮಾಡಿತ್ತು. ಆಡುವವರು ತಕರಾರು ಎತ್ತಿದರು. 2010ರಲ್ಲಿ ಆ ಪದವನ್ನು ತೆಗೆದು, ತೀರಾ ಅಪಾಯದಲ್ಲಿರುವ ಭಾಷೆ ಅಂತ ತಿದ್ದಿದರು. ಟೀಚರ್ ಇದನ್ನು ಹೇಳುವಾಗ ಅವರ ದನಿ ಗಟ್ಟಿಯಾಯಿತು.

ನನ್ನ ಕಡೆಯಿಂದ 5ಕ್ಕೆ 4. ಒಂದು ಅಂಕ ಕಡಿಮೆ ಮಾಡಿದ್ದು ಆ ಇಪ್ಪತ್ತು ನಿಮಿಷಕ್ಕೆ. ಕನ್ನಡ ಬಲ್ಲವರು ಯಾರಾದರೂ ಸೇರುವುದಾದರೆ, ಅರ್ಥಗಳನ್ನು ಮೊದಲ ದಿನದಿಂದಲೇ ಕನ್ನಡದಲ್ಲಿ ಬರೆದುಕೊಳ್ಳಿ. ಮನೆಯಲ್ಲಿ ಮಕ್ಕಳಿಗೋ ಪಕ್ಕದ ಮನೆಯವರಿಗೋ ಕನ್ನಡ ಕಲಿಸುವವರಿದ್ದರಂತೂ ಐದನೇ ವಾರದ ಪಾಠಕ್ಕಾಗಿಯೇ ಸೇರಿ.

ಎರಡನೇ ಹಂತ ಜನವರಿಯಲ್ಲಿ. ಹತ್ತೂ ವಾರ ರಾತ್ರಿ 12:30ಕ್ಕೇ. ನಾನು ದುಡ್ಡು ಕಟ್ಟಿದ್ದೇನೆ. ಜೊತೆಗೆ ಒಂದು ಮೇಲ್ ಕೂಡ ಬರೆದೆ: ಮೊದಲ ವಾರ ಹೊಸ ಪಾಠ ಬೇಡ, ‘ಗ್ವ್ರೆನ್’ ಇಟ್ಟುಕೊಂಡು ಒಂದೂವರೆ ಗಂಟೆ ಮಾತಾಡೋಣ ಅಂತ. ನಿನ್ನೆ ಉತ್ತರ ಬಂತು. ಮೇಲಿನ ಸಾಲಿನಲ್ಲಿ ‘ಗ್ವ್ರೆನ್’ ಅಂತ ಒಂದೇ ಪದ ಇತ್ತು.